ಹಣ್ಣಿನ ಬೀಜ ಎಂದಿದ್ದೆ

ಮೊದಲ ಸಲ ಅವನು ನಮ್ಮ ಬಾಗಿಲು ತಟ್ಟಿದಾಗ ಅವನ ಅಂಗೈಯಲ್ಲಿ ಯಾರದೋ ಹಲ್ಲುಗಳಿದ್ದವು.

ನಾನು ಕಿರುಚಿಯೇಬಿಟ್ಟೆ. ಅವನೂ ಬೆಚ್ಚಿ ಒಂದು ಹೆಜ್ಜೆ ಹಿಂದೆ ಸರಿದ. ಆಮೇಲೆ ಕೈಯನ್ನು ನೋಡಿಕೊಂಡು, "ಅಯ್ಯೋ, ಸಾರಿ. ಮೇಣದ್ದು ಇದು," ಎಂದ.

"ಮೇಣವೋ ಮೂಳೆಯೋ, ಹಾಗೆ ಹಿಡ್ಕೊಂಡು ಬರ್ತಾರೇನ್ರೀ ಯಾರಾದ್ರೂ?"

"ನಾನು ಪಕ್ಕದ ಮನೆಯವನು. ಹಲ್ಲಿನ ಡಾಕ್ಟರುಗಳಿಗೆ ಹಲ್ಲು ಸೆಟ್ ಮಾಡಿಕೊಡ್ತೀನಿ. ನಿಮ್ಮ ಅಡುಗೆಮನೆಯಲ್ಲಿ ಏನೋ ಗುರ್ ಅಂತಿದೆ. ಗೋಡೆ ಅದುರಿ, ಕೆತ್ತುತ್ತಿದ್ದ ಹಲ್ಲಿನ ತುದಿ ಹಾರಿಹೋಯ್ತು. ಜಗಳ ಆಡೋಣ ಅಂತ ಬಂದೆ."

ಜಗಳಕ್ಕೆ ಬಂದವನ ಮುಖ ಹಾಗಿರುವುದಿಲ್ಲ. ಕಿವಿಯ ಬಳಿ ಬಿಳಿ ಪುಡಿ ಮೆತ್ತಿಕೊಂಡಿತ್ತು, ಕಣ್ಣಲ್ಲಿ ಆಗಲೇ ನಗು ಕೂತಿತ್ತು.

ಗುರ್ ಎನ್ನುತ್ತಿದ್ದದ್ದು ಸಿಂಕಿನ ಕೆಳಗಿನ ಕಸ ಅರೆಯುವ ಮೆಷಿನ್. ಮನೆ ಬಾಡಿಗೆಗೆ ಹಿಡಿದಾಗಲೇ ಇದ್ದ ಮೆಷಿನ್. ಅದರ ಹೊಟ್ಟೆಯಲ್ಲಿ ಏನಿದೆಯೆಂದು ನಾನಾಗಲಿ ಜೊತೆಗಿದ್ದ ದೊಡ್ಡಮ್ಮನಾಗಲಿ ಯಾವತ್ತೂ ಬಗ್ಗಿ ನೋಡಿರಲಿಲ್ಲ. ಅವನು ಪ್ಲಗ್ ಕಿತ್ತ. ನೆಲದ ಮೇಲೆ ಅಂಗಾತ ಮಲಗಿ, ಮೆಷಿನ್ನಿನ ಅಡಿಯಲ್ಲಿದ್ದ ತೂತಿಗೆ ಒಂದು ಸೊಟ್ಟ ಕೀಲಿ ತೂರಿಸಿ ಎಡಕ್ಕೂ ಬಲಕ್ಕೂ ತಿರುವಿದ. ಒಳಗೆ ಏನೋ ಕಟಕ್ ಎಂದಿತು. ಎದ್ದು, ಮೇಲಿನಿಂದ ಇಕ್ಕಳ ಇಳಿಸಿ, ಒಂದು ಪೀಚ್ ಹಣ್ಣಿನ ಬೀಜವನ್ನು ಎತ್ತಿ ನನ್ನ ಮುಖದೆದುರು ಹಿಡಿದ.

"ಇದು ನಿಮ್ಮದಾ?"

"ನನ್ನದೇ," ಎಂದೆ, ಕಳ್ಳತನದಲ್ಲಿ ಸಿಕ್ಕಿಬಿದ್ದವಳ ಹಾಗೆ.

"ಇದರೊಳಗೆ ಕೈ ಮಾತ್ರ ಯಾವತ್ತೂ ಹಾಕ್ಬೇಡಿ, ಟೈಲರ್ ಮೇಡಂ."

ನಾನು ಟೈಲರ್ ಎಂದು ಅವನಿಗೆ ಹೇಳಿರಲಿಲ್ಲ. ಕೊರಳಿಗೆ ಟೇಪು ನೇತುಹಾಕಿಕೊಂಡೇ ಬಾಗಿಲು ತೆಗೆದಿದ್ದೆನೆಂದು ಆಮೇಲೆ ಹೊಳೆಯಿತು.

ದೊಡ್ಡಮ್ಮ ಅವತ್ತೇ ಅವನಿಗೆ 'ಹಲ್ಲಪ್ಪ' ಎಂದು ಹೆಸರಿಟ್ಟಳು. ತನ್ನ ಹಳೆಯ ಹಲ್ಲು ಸೆಟ್ಟನ್ನು ಬಾಯಿಂದ ತೆಗೆದು ಅವನ ಕೈಗೇ ಕೊಟ್ಟು, "ಇದು ಲೊಟಲೊಟ ಅನ್ನುತ್ತೆ ಕಣಪ್ಪ, ಹೊಸದು ಮಾಡ್ಕೊಡು," ಎಂದಳು. ನಾನು ನಾಚಿ ಸತ್ತೆ. ಅವನು ಮಾತ್ರ ಒಡವೆ ನೋಡುವವನಂತೆ ಅದನ್ನು ಬೆಳಕಿಗೆ ಹಿಡಿದು ನೋಡಿದ.

ಎರಡನೆಯ ಸಲ ಒಂದು ಚಮಚ ಸಿಕ್ಕಿಕೊಂಡಿತು. ಅದೂ ನಿಜವಾಗಿ ಕೈಜಾರಿ ಬಿದ್ದದ್ದೇ. ಅವನು ಚಹಾ ಕುಡಿಯುತ್ತ ಒಂದು ಗಂಟೆ ಕೂತ. ನಾನು ಹೊಲಿಯುವುದನ್ನು ನೋಡಿ, "ನಿಮ್ಮ ಕೈ ನಡುಗೋದೇ ಇಲ್ಲವಲ್ಲ," ಎಂದ. ಆ ಕ್ಷಣದಿಂದ ಕೈ ನಡುಗತೊಡಗಿತು.

ಆಮೇಲೆ ಮೂರು ವಾರ ಏನೂ ಕೆಡಲಿಲ್ಲ.

ಗೋಡೆಯ ಆಚೆಯಿಂದ ಅವನ ಅರದ ಸದ್ದು ಬರುತ್ತಿತ್ತು, ನಡುನಡುವೆ ಸಿಳ್ಳೆ. ನಾನು ಆ ಗೋಡೆಗೇ ಮೆಷಿನ್ ತಾಗಿಸಿ ಕೂತು ಹೊಲಿಯುತ್ತಿದ್ದೆ. ಒಂದು ದಿನ ಆರು ಗುಂಡಿಯ ಶರ್ಟಿಗೆ ಏಳು ಗುಂಡಿ ಹೊಲಿದೆ. ಬೆಲ್ ಒತ್ತಿ ಹೋಗಬಹುದಿತ್ತು. ಹೋಗಿ ಏನು ಹೇಳುವುದು? ಮೂವತ್ನಾಲ್ಕು ವರ್ಷದವಳು, ಸುಮ್ಮನೆ ಬಂದೆ ಎನ್ನಲು ಬಾಯಿ ಬರಲಿಲ್ಲ.

ಒಂದು ಭಾನುವಾರ ಬೆಳಗ್ಗೆ ದೊಡ್ಡಮ್ಮ ಟಿನ್ ಒಂದನ್ನು ತೆರೆದು, ಕತ್ತರಿಸಿ ತೆಗೆದ ತಗಡಿನ ಮುಚ್ಚಳವನ್ನು ಕಟ್ಟೆಯ ಮೇಲಿಟ್ಟು ಸ್ನಾನಕ್ಕೆ ಹೋದಳು. ನಾನು ಅದನ್ನೇ ನೋಡುತ್ತ ನಿಂತೆ. ಮುಚ್ಚಳವನ್ನು ಮಡಚಿದೆ. ಸಿಂಕಿನ ಬಾಯಿಗೆ ಹಾಕಿ ಸ್ವಿಚ್ ಒತ್ತಿದೆ. ಮೆಷಿನ್ ಚೀರಿ, ಗುರ್ ಎಂದು, ನಿಂತಿತು.

ಅವನು ಬರಲು ಎರಡು ನಿಮಿಷವೂ ಹಿಡಿಯಲಿಲ್ಲ. ಅಷ್ಟರಲ್ಲಿ ನಾನು ಕೂದಲು ಸರಿಮಾಡಿಕೊಂಡಿದ್ದೆ.

"ಈ ಸಲ ಏನು ತಿನ್ನಿಸಿದ್ರಿ ಪಾಪ ಅದಕ್ಕೆ?"

"ಹಣ್ಣಿನ ಬೀಜ ಇರ್ಬೇಕು."

"ಲೋಹದ್ದೇನೂ ಅಲ್ವಲ್ಲ?"

"ಇಲ್ಲಪ್ಪ. ಬೀಜವೇ."

ಬೀಜವನ್ನು ಬೇಕೆಂದೇ ಯಾರೂ ಹಾಕುವುದಿಲ್ಲ, ಬೀಳುತ್ತದೆ. ಮಡಚಿದ ಮುಚ್ಚಳ ಹೇಗೆ ಬಿತ್ತೆಂದು ಏನು ಹೇಳಲಿ? ಅದಕ್ಕೇ ಬೀಜ ಎಂದೆ.

ಅವನು ಪ್ಲಗ್ ಕಿತ್ತು, ಕೀಲಿ ತಿರುಗಿಸಿದ. ತಿರುಗಲಿಲ್ಲ. ಇಕ್ಕಳ ಜಾರಿತು. ನಾನು ಪಕ್ಕದಲ್ಲೇ ನಿಂತಿದ್ದೆ, ಬೇಕಿದ್ದಕ್ಕಿಂತ ಒಂದು ಗೇಣು ಹತ್ತಿರ. ಅವನು ನನ್ನತ್ತ ತಿರುಗಿ, "ಬೀಜ ತಾನೇ," ಎಂದು ನಕ್ಕು, ಎರಡು ಬೆರಳನ್ನು ಒಳಗಿಳಿಸಿ ಬಲವಾಗಿ ಎಳೆದ.

ಕೂಗಲಿಲ್ಲ. ಹಲ್ಲುಕಚ್ಚಿ ಉಸಿರೆಳೆದುಕೊಂಡನಷ್ಟೆ. ಕೈ ಹೊರಗೆ ಬಂದಾಗ ತೋರುಬೆರಳು ನೇತುಬಿದ್ದಂತಿತ್ತು, ಸ್ಟೀಲ್ ಸಿಂಕಿನ ಉದ್ದಕ್ಕೂ ರಕ್ತ ಹರಿಯಿತು.

ಹೊಲಿಯಲು ತಂದಿದ್ದ ಯಾರದೋ ಬಿಳಿ ಸ್ಕರ್ಟನ್ನೇ ಸುತ್ತಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಬೆರಳು ಮಡಚುವ ಸ್ನಾಯುವೇ ತುಂಡಾಗಿದೆ ಎಂದರು ಡಾಕ್ಟರ್. ಆಪರೇಷನ್. ಆರು ವಾರ ಪಟ್ಟಿ. ಅದು ಬಲಗೈ, ಹಲ್ಲು ಕೆತ್ತುವ ಕೈ.

"ಕೈ ಹಾಕ್ಬೇಡಿ ಅಂತ ನಿಮಗೆ ಪಾಠ ಹೇಳಿ ನಾನೇ ಹಾಕಿದೆ ನೋಡಿ," ಎಂದ ಅವನು, ಮಂಪರಿನಲ್ಲೇ. "ಪೂರ್ತಿ ನನ್ನ ತಪ್ಪು. ನೀವಿಲ್ದೆ ಇದ್ರೆ ಏನು ಗತಿ?"

ಆಗಲೇ ಹೇಳಬೇಕಿತ್ತು. ಅವನ ದಿಂಬು ಸರಿಮಾಡಿದೆ.

ಮನೆಗೆ ಬಂದರೆ ದೊಡ್ಡಮ್ಮ ಅಡುಗೆಮನೆಯ ಸ್ಟೂಲಿನ ಮೇಲೆ ಕೂತಿದ್ದಳು. ಅವಳ ಕೈಯಲ್ಲಿ, ಸಿಂಕಿನಲ್ಲಿ ಬಿದ್ದಿದ್ದ ತಗಡಿನ ಚೂರು.

"ನಾನೇ ಕಣೇ ಹಾಕಿರೋದು. ಟಿನ್ ತೆಗೆದಿದ್ದು ನಾನೇ ಅಲ್ವಾ? ಕಟ್ಟೆ ಮೇಲಿಟ್ಟೆ ಅಂದ್ಕೊಂಡಿದ್ದೀನಿ. ಈ ಹಾಳು ಕಣ್ಣು! ಒಬ್ಬ ದುಡಿಯೋ ಮಗನ ಕೈ ತೆಗೆದ್ನಲ್ಲೇ ನಾನು!"

ನಾನು ಬಾಯಿ ತೆರೆದೆ. "ಹೋಗ್ಲಿ ಬಿಡು ದೊಡ್ಡಮ್ಮ," ಎಂದೆ.

ಇವತ್ತಿಗೂ ಆ ಮಾತು ನೆನಪಾದರೆ ಮೈಯೆಲ್ಲ ಬಿಸಿಯಾಗುತ್ತದೆ. ನನ್ನನ್ನು ಆರು ವರ್ಷದವಳಿದ್ದಾಗಿನಿಂದ ಸಾಕಿದವಳು ಅವಳು. ಅವಳ ತಲೆಯ ಮೇಲೆ ನನ್ನ ತಪ್ಪು ಹೊರಿಸಿ, ಮೇಲಿನಿಂದ ದೊಡ್ಡ ಮನಸ್ಸಿನಿಂದ ಕ್ಷಮಿಸಿಯೂ ಬಿಟ್ಟಿದ್ದೆ.

ಮಾರನೆಯ ದಿನದಿಂದ ದೊಡ್ಡಮ್ಮ ಒಲೆ ಮುಟ್ಟುವುದನ್ನು ಬಿಟ್ಟಳು.

ಹತ್ತು ದಿನವಾದ ಮೇಲೆ ಅವನ ಕೆಲಸದ ಕೋಣೆಗೆ ಸೂಪು ಕೊಡಲು ಹೋದೆ. ಅವನು ಎಡಗೈಯಲ್ಲಿ ಪುಟ್ಟ ಚಾಕು ಹಿಡಿದು ಮೇಣವನ್ನು ಹಾಳುಮಾಡುತ್ತ ಕೂತಿದ್ದ. ಎದುರಿಗೆ ಒಂದು ಫೋಟೋ: ನಗುತ್ತಿರುವ ಹೆಂಗಸು.

"ಶಾಲೆ ಟೀಚರ್, ಹಳೇ ಫೋಟೋ. ಸೈಕಲ್‌ನಿಂದ ಬಿದ್ದು ಮುಂದಿನ ನಾಲ್ಕು ಹಲ್ಲು ಹೋಗಿದೆ. ಒಂದು ತಿಂಗಳಿಂದ ಕ್ಲಾಸಿನಲ್ಲಿ ಬಾಯಿಗೆ ಕರ್ಚೀಫ್ ಹಿಡ್ಕೊಂಡೇ ಪಾಠ ಮಾಡ್ತಿದ್ದಾರಂತೆ. ಬೇರೆ ಯಾರಿಗಾದ್ರೂ ಕೊಡೋಣ ಅಂದ್ರೆ, ನೀವೇ ಮಾಡಿ ಅಂತ ಹಟ."

"ನಾನು ಮಾಡ್ಲಾ?" ಎಂದೆ. ಯೋಚಿಸಿ ಆಡಿದ ಮಾತಲ್ಲ. "ನನ್ನ ಕೈ ನಡುಗಲ್ಲ ಅಂದಿದ್ರಲ್ಲ. ನೀವು ಹೇಳಿ, ನಾನು ಕೆತ್ತುತ್ತೀನಿ."

ಹಾಗೆ ಮಧ್ಯಾಹ್ನಗಳು ಶುರುವಾದವು. ಊಟವಾದ ಮೇಲೆ ಎರಡು ಗಂಟೆ ನಾನು ಅವನ ಸ್ಟೂಲಿನ ಮೇಲೆ, ಅವನು ಬೆನ್ನ ಹಿಂದೆ. ಮೇಣಕ್ಕೆ ಬಿಸಿ ತಾಗಿಸುವುದು, ಕೆರೆಯುವುದು, ಊದುವುದು. ಅವನು ಎಡಗೈಯಿಂದ ನನ್ನ ಮಣಿಕಟ್ಟನ್ನು ಒಂದಿಷ್ಟೇ ತಿರುಗಿಸುತ್ತಿದ್ದ. ಅಷ್ಟಕ್ಕೇ ನನ್ನ ಕುತ್ತಿಗೆಯ ಮೇಲಿನ ರೋಮ ಏಳುತ್ತಿತ್ತು.

"ಸ್ವಲ್ಪ ವಾರೆ ಮಾಡಿ. ಫೋಟೋ ನೋಡಿ, ಎಡಗಡೆದು ಕೊಂಚ ಮುಂದೆ ಬಂದಿದೆ."

"ನೆಟ್ಟಗಿದ್ರೆ ಚೆನ್ನಾಗಿರಲ್ವಾ?"

"ತೀರಾ ನೆಟ್ಟಗಿದ್ರೆ ಸುಳ್ಳು ಹಲ್ಲು ಅಂತ ಗೊತ್ತಾಗಿಬಿಡುತ್ತೆ."

ಸುಳ್ಳು ಎಂಬ ಮಾತಿಗೇ ನನ್ನ ಚಾಕು ಜಾರಿತು. ಅವನು ಬಗ್ಗಿ ನನ್ನ ಮುಖ ನೋಡಿದ. "ಏನಾಯ್ತು? ಇತ್ತೀಚೆಗೆ ಯಾಕೋ ನನ್ನ ಕಣ್ಣು ನೋಡಿ ಮಾತೇ ಆಡಲ್ಲ ನೀವು. ಹಲ್ಲು ನೋಡೋದೇ ಅಭ್ಯಾಸ ಆಗ್ಹೋಯ್ತಾ?"

ನಕ್ಕೆ. ಮತ್ತೆ ಮೇಣಕ್ಕೆ ಬಗ್ಗಿದೆ. ನನಗೆ ಬೇಕಾಗಿದ್ದದ್ದು ಸಿಕ್ಕಿತ್ತು: ದಿನವೂ ಅವನು, ದಿನವೂ ಹತ್ತಿರ. ಅದನ್ನು ಏನು ಕತ್ತರಿಸಿ ಪಡೆದೆನೆಂದು ಆ ಬಿಳಿ ಪಟ್ಟಿ ಭುಜದ ಮೇಲಿನಿಂದ ನೋಡುತ್ತಲೇ ಇತ್ತು.

ಎರಡು ವಾರಕ್ಕೆ ನಾಲ್ಕು ಹಲ್ಲೂ ಮುಗಿದವು. ಮೇಣದ ಅಚ್ಚಿನಿಂದ ಗಟ್ಟಿ ಹಲ್ಲುಗಳಾಗಿ, ಡಾಕ್ಟರ್ ಕೂರಿಸಿದ ದಿನ, ಟೀಚರ್ ನೇರ ಅವನ ಕೋಣೆಗೇ ಬಂದರು. ಕರ್ಚೀಫ್ ಇಳಿಸಿ, ಕನ್ನಡಿಯಲ್ಲಿ ನೋಡಿಕೊಂಡು, ನಕ್ಕರು. ಎಡಗಡೆಯದು ಕೊಂಚ ವಾರೆ. ನಗುತ್ತ ನಗುತ್ತ ಅತ್ತೂಬಿಟ್ಟರು.

ಅವರು ಹೋದ ಮೇಲೆ ಕೋಣೆಯಲ್ಲಿ ನಾವಿಬ್ಬರೇ. ಅವನು ಕಿಟಕಿಗೆ ಒರಗಿ ನನ್ನನ್ನೇ ನೋಡುತ್ತಿದ್ದ.

"ಒಂದು ಮಾತು ಹೇಳ್ಲಾ? ಈ ಬೆರಳು ಹೋಗಿದ್ದಕ್ಕೆ ನನಗೆ ಬೇಜಾರೇ ಆಗ್ತಿಲ್ಲ. ಇದಾಗದಿದ್ರೆ ನೀವು ಈ ಸ್ಟೂಲಿನ ಮೇಲೆ ಕೂರ್ತಾನೇ ಇರ್ಲಿಲ್ಲ. ನನಗೆ ನಿಮ್ಮನ್ನ..."

"ಬೇಡ," ಎಂದೆ. "ಅದನ್ನ ಹೇಳ್ಬೇಡಿ. ಮೊದಲು ನಾನು ಹೇಳ್ಬೇಕು."

ಹೇಳಿದೆ. ಕಟ್ಟೆಯ ಮೇಲಿದ್ದ ಮುಚ್ಚಳ, ಅದನ್ನು ಮಡಚಿದ್ದು, ಸ್ವಿಚ್ಚು, ಕೂದಲು ಸರಿಮಾಡಿಕೊಂಡದ್ದು. ಒಂದನ್ನೂ ಬಿಡಲಿಲ್ಲ.

ಅವನ ಮುಖದ ಬಣ್ಣ ನಿಧಾನವಾಗಿ ಇಳಿಯಿತು.

"ಲೋಹ ಏನಾದ್ರೂ ಇದೆಯಾ ಅಂತ ಕೇಳಿದ್ದೆ ಅಲ್ವಾ ನಾನು?"

"ಕೇಳಿದ್ರಿ."

"ಬೀಜ ಅಂದ್ರಿ."

"ಹೂಂ."

ಅವನು ಮೇಜಿನ ಮೇಲಿದ್ದ ಚಾಕುಗಳನ್ನು ಒಂದೊಂದಾಗಿ ಎಡಗೈಯಿಂದ ಪೆಟ್ಟಿಗೆಯಲ್ಲಿಟ್ಟ. ಬಹಳ ಹೊತ್ತು ಹಿಡಿಯಿತು. ಸಹಾಯಕ್ಕೆ ಕೈ ಚಾಚುವ ಧೈರ್ಯ ನನಗಾಗಲಿಲ್ಲ.

"ದೊಡ್ಡಮ್ಮನಿಗೆ ಗೊತ್ತಾ?"

"ಇಲ್ಲ."

"ನಿನ್ನೆ ಕೂಡ ನನ್ನ ಕೈ ಹಿಡ್ಕೊಂಡು 'ಈ ಮುದುಕಿನ ಕ್ಷಮಿಸಪ್ಪ' ಅಂದ್ರು." ಅವನ ದನಿ ಮೊದಲ ಸಲ ಗಡಸಾಯಿತು. "ಹೋಗಿ. ಮೊದಲು ಅಲ್ಲಿ ಹೇಳಿ. ನನ್ನ ಜೊತೆ ಮಾತು ಬೇಡ ಈಗ."

ದೊಡ್ಡಮ್ಮ ಪೂರ್ತಿ ಕೇಳಿದಳು. ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ಕೇಳಿದ್ದು ಒಂದೇ.

"ಹಾಗಾದ್ರೆ ನಾನು ಕಟ್ಟೆ ಮೇಲೇ ಇಟ್ಟಿದ್ನಾ?"

"ಕಟ್ಟೆ ಮೇಲೇ ಇಟ್ಟಿದ್ದೆ, ದೊಡ್ಡಮ್ಮ."

"ನನಗೆ ಅರಳುಮರಳು ಶುರುವಾಯ್ತು ಅಂತ ದಿನಾ ಹೆದರಿ ಸಾಯ್ತಿದ್ದೆ ಕಣೇ," ಎಂದಳು. ಎದ್ದು ಒಲೆ ಹಚ್ಚಿದಳು. ಪಾತ್ರೆಗಳನ್ನು ಕುಕ್ಕುತ್ತ ಅಡುಗೆ ಮಾಡಿದಳು, ನನಗೂ ಬಡಿಸಿದಳು. ಮಾತು ಮಾತ್ರ ಎರಡು ದಿನ ಇರಲಿಲ್ಲ. ಮೂರನೆಯ ದಿನ ತಟ್ಟೆ ಇಡುತ್ತ ಸಿಡುಕಿದಳು: "ಇಷ್ಟ ಅಂತ ಹೇಳೋಕೆ ಬಾಯಿರ್ಲಿಲ್ವಾ ನಿನಗೆ? ಹಲ್ಲಿಲ್ಲದ ನಾನೇ ಇಷ್ಟು ಮಾತಾಡ್ತೀನಿ!"

ಗೋಡೆಯ ಆಚೆ ಸಿಳ್ಳೆ ನಿಂತೇಹೋಗಿತ್ತು. ಹನ್ನೊಂದು ದಿನ. ಹನ್ನೆರಡನೆಯ ದಿನ ಸಂಜೆ ನಾಲ್ಕಕ್ಕೆ ನಾನು ಕತ್ತರಿ ಕೆಳಗಿಟ್ಟು, ಕೊರಳಿನ ಟೇಪು ತೆಗೆದಿಟ್ಟು, ಅವನ ಬೆಲ್ ಒತ್ತಿದೆ. ಕೈಯಲ್ಲಿ ಸೂಪೂ ಇರಲಿಲ್ಲ, ನೆಪವೂ ಇರಲಿಲ್ಲ.

ಬಾಗಿಲು ತೆರೆಯಿತು. ಅವನ ಕೈಯ ಪಟ್ಟಿ ಬಿಚ್ಚಿಯಾಗಿತ್ತು. ಬೆರಳಿನ ಉದ್ದಕ್ಕೂ ಕೆಂಪು ಗೆರೆ.

"ಏನು ಕೆಟ್ಟಿದೆ?"

"ಏನೂ ಕೆಟ್ಟಿಲ್ಲ. ನಿಮ್ಮನ್ನ ನೋಡ್ಬೇಕು ಅನ್ನಿಸ್ತು. ಬಂದೆ."

ಅವನು ಬಾಗಿಲ ಹಿಡಿಯನ್ನು ಬಿಡಲಿಲ್ಲ.

"ಸಿಟ್ಟು ಇನ್ನೂ ಹೋಗಿಲ್ಲ," ಎಂದ.

"ಗೊತ್ತು. ಹೋಗೋವರೆಗೂ ಇಲ್ಲೇ ನಿಂತಿರ್ತೀನಿ."

"ಕಾಲು ನೋಯುತ್ತೆ. ಬೇಗ ಹೋಗಲ್ಲ ಅದು." ಅವನು ಪಕ್ಕಕ್ಕೆ ಸರಿದ. "ಒಳಗೆ ಬಂದು ಕೂತ್ಕೊಳ್ಳಿ."

ಮೇಜಿನ ಮೇಲೆ ಬಿಸಿನೀರಿನ ಬಟ್ಟಲಿತ್ತು. ದಿನಕ್ಕೆ ಮೂರು ಸಲ, ಇಪ್ಪತ್ತು ಬಾರಿ ಬೆರಳು ಮಡಚಬೇಕಂತೆ. ನಾನು ಎಣಿಸಿದೆ. ಪ್ರತಿ ಸಲವೂ ಬೆರಳು ಅರ್ಧದವರೆಗೆ ಬಂದು, ನಡುಗಿ, ನಿಲ್ಲುತ್ತಿತ್ತು. ಹನ್ನೆರಡಕ್ಕೆ ನನ್ನ ಕಣ್ಣು ತುಂಬಿತು.

"ಅಳ್ಬೇಡಿ. ಎಣಿಕೆ ತಪ್ಪುತ್ತೆ."

"ಪೂರ್ತಿ ಬರುತ್ತಂತಾ?"

"ಬರದೇನೂ ಇರ್ಬಹುದು ಅಂದ್ರು ಡಾಕ್ಟರ್. ನಿಜ ಹೇಳ್ತಿದ್ದೀನಿ. ನಮ್ಮಿಬ್ಬರ ಮಧ್ಯೆ ಇನ್ಮೇಲೆ ಅದೊಂದಿರ್ಲಿ."

ಇಪ್ಪತ್ತಾಯಿತು. ಟವೆಲ್ಲಿನಿಂದ ಅವನ ಕೈ ಒರೆಸಿದೆ. ಬಿಡಲು ಹೊರಟಾಗ ಆ ಕೈ ನನ್ನ ಕೈಯನ್ನು ಹಿಡಿದುಕೊಂಡಿತು. ನಾಲ್ಕು ಬೆರಳು ನನ್ನ ಬೆರಳುಗಳ ಸುತ್ತ ಬಿಗಿಯಾದವು. ಒಂದು ಮಾತ್ರ ಪೂರ್ತಿ ಮಡಚಲಾರದೆ, ನನ್ನ ಮಣಿಕಟ್ಟಿನ ಮೇಲೆ ಒರಗಿತು.

"ನೋಯುತ್ತಾ?" ಎಂದೆ.

"ನೋಯುತ್ತೆ," ಎಂದ. "ಬಿಡ್ಬೇಡ."