ದಬ್ಕೆ ಸಾಲಿನಲ್ಲಿ ಹಿಡಿಯದ ಕೈ

"ಕೈ ತೋರಿಸಿ" ಅನ್ನುತ್ತಾ ಡಾಕ್ಟರ್ ತಲೆ ಎತ್ತಿದ. ಹನಾದಿ ಅಂಗೈ ಮುಚ್ಚಿಕೊಂಡಳು!

ಅರೆ, ಇವನು ಗಸ್ಸಾನ್...

ವರ್ಷಗಳ ಹಿಂದೆ, ಅವರ ಊರು ಜಹ್ಲೆಯಲ್ಲಿ ಅಂದು ಅವಳ ಅಕ್ಕನ ಮದುವೆ. ದ್ರಾಕ್ಷಿ ಚಪ್ಪರದ ಕೆಳಗೆ ಡೋಲು ಬಡಿಯುತ್ತಿತ್ತು. ದಬ್ಕೆ ಕುಣಿಯಲು ಊರಿಗೆ ಊರೇ ಕೈಕೈ ಹಿಡಿದು ಸಾಲುಗಟ್ಟಿತ್ತು. ಪಕ್ಕದ ಮನೆಯ ಗಸ್ಸಾನ್ ನಗುತ್ತಾ ಕೈ ಚಾಚಿದ್ದ. ಅವಳೋ, ಕೈಗಳನ್ನು ಬೆನ್ನ ಹಿಂದೆ ಬಚ್ಚಿಟ್ಟು, "ನಿನ್ನ ಜೊತೆ ನಾನು ಕುಣಿಯಲ್ಲ!" ಅಂದುಬಿಟ್ಟಿದ್ದಳು.

ಎಲ್ಲರೂ ಘೊಳ್ಳೆಂದು ನಕ್ಕರು. ಅವನ ಮುಖ ಸಪ್ಪಗಾಯಿತು. ಬೈರೂತಿಗೆ ಓದಲು ಹೋದವನು ಮತ್ತೆ ಅವಳನ್ನು ಮಾತಾಡಿಸಲೇ ಇಲ್ಲ.

ಹದಿಹರೆಯದ ಹುಡುಗಿಗೆ ನಿಜ ಹೇಳೋದಕ್ಕಿಂತ ಸೊಕ್ಕು ತೋರಿಸೋದೇ ಸುಲಭ, ಅಲ್ಲವೇ?

ಈಗ ಹನಾದಿ ಮೆಲ್ಲಗೆ ಅಂಗೈ ಬಿಚ್ಚಿದಳು. ಬೆವರು ತೊಟ್ಟಿಕ್ಕುತ್ತಿತ್ತು.

"ಯಾವಾಗಿಂದ ಹೀಗೆ?"

"ಚಿಕ್ಕವಳಿದ್ದಾಗಿಂದ."

"ಅಂದ್ರೆ... ಆವತ್ತೂ?"

"ಹೂಂ. ಒದ್ದೆ ಕೈ ಮುಟ್ಟಿ ನೀನು ಮುಖ ಸಿಂಡರಿಸಿದ್ರೆ ನಾನು ಸತ್ತೇ ಹೋಗ್ತಿದ್ದೆ!"

ಗಸ್ಸಾನ್ ಕಿಟಕಿಯತ್ತ ತಿರುಗಿಕೊಂಡ. ಅಲ್ಲಿಂದಲೇ ಹೇಳಿದ.

"ಇದಕ್ಕೆ ಆಪರೇಷನ್ ಇದೆ. ಎದೆ ಸೀಳೋದಿಲ್ಲ. ಕಂಕುಳ ಕೆಳಗೆ ಸಣ್ಣ ತೂತು ಮಾಡಿ, ಎದೆಯೊಳಗೆ ಕ್ಯಾಮೆರಾ ಬಿಟ್ಟು, ಪರದೆ ನೋಡ್ಕೊಂಡು ಕೈ ಬೆವರಿಸೋ ನರ ಕತ್ತರಿಸ್ತಾರೆ. ಆಮೇಲೆ ಬೆನ್ನು ಜಾಸ್ತಿ ಬೆವರಬಹುದು, ಯೋಚ್ನೆ ಮಾಡು. ಮತ್ತೆ... ಆಪರೇಷನ್ ನಾನು ಮಾಡಲ್ಲ. ನಮ್ಮ ದೊಡ್ಡ ಡಾಕ್ಟರ್ ಮಾಡ್ತಾರೆ."

ಓಹೋ, ಸಿಟ್ಟು ಇನ್ನೂ ಇಳಿದಿಲ್ಲ... ಇರಲಿ, ತಪ್ಪು ನನ್ನದೇ ತಾನೆ? ಹನಾದಿ ಕಣ್ಣೀರು ನುಂಗಿಕೊಂಡಳು.

ಆಪರೇಷನ್ ಮುಗಿದು ಎಚ್ಚರವಾದಾಗ ಪಕ್ಕದಲ್ಲಿ ವಿದಾದ್ ಚಿಕ್ಕಮ್ಮ ಕೂತಿದ್ದರು.

"ಕೈ ನೋಡ್ಕೋ ಕಂದ, ಒಣಗಿಸಿದ ಅಂಜೂರ ಆಗಿದೆ! ಆ ಗಸ್ಸಾನ್ ಅಂತೂ ಬಾಗಿಲಾಚೆ ಕಾಲು ಸುಟ್ಟ ಬೆಕ್ಕಿನ ಹಾಗೆ ಓಡಾಡ್ತಿದ್ದ ಕಣೇ!"

ಬಾಗಿಲಲ್ಲಿ ನಿಂತಿದ್ದ ಗಸ್ಸಾನ್ ನಾಚಿಕೊಂಡ. ಚಿಕ್ಕಮ್ಮ ಕಾಫಿಯ ನೆಪ ಹೇಳಿ ಎದ್ದುಹೋದರು.

"ಸಿಟ್ಟಿರೋರು ಬಾಗಿಲು ಕಾಯ್ತಾರಾ?" ಹನಾದಿ ಕೇಳಿದಳು.

"ಸಿಟ್ಟಾ? ಪರದೆ ಮೇಲೆ ನಿನ್ನ ಹೃದಯ ಬಡ್ಕೊಳ್ಳೋದು ಕಾಣುತ್ತೆ ಹುಚ್ಚಿ! ಅದನ್ನ ನೋಡ್ತಾ ನನ್ನ ಕೈ ನಡುಗದೇ ಇರುತ್ತಾ? ಅದಕ್ಕೇ ನಾನು ಮಾಡಲ್ಲ ಅಂದೆ."

ಅವನು ಅಂದಿನಂತೆಯೇ ಕೈ ಚಾಚಿದ. "ಈಗಲಾದ್ರೂ ನನ್ನ ಜೊತೆ ಕುಣೀತೀಯಾ?"

ಹನಾದಿ ತನ್ನ ಒಣ ಅಂಗೈಯನ್ನು ಅವನ ಅಂಗೈಯಲ್ಲಿಟ್ಟಳು. ಬೆಚ್ಚಿದಳು!

"ಅಯ್ಯೋ, ನಿನ್ನ ಕೈಯೇ ಒದ್ದೆ!"

"ಆವತ್ತೂ ಹೀಗೇ ಇತ್ತು ಕಣೇ... ನೀನು ಹಿಡಿದು ನೋಡಲೇ ಇಲ್ಲ."

ಹನಾದಿಗೆ ನಗುವೂ ಬಂತು, ಅಳುವೂ ಬಂತು. ಕೈ ಮಾತ್ರ ಬಿಡಲಿಲ್ಲ.