ಲಾರಿ ಬಿಟ್ಟಿಳಿಯದ ಚುಕ್ಕೆ

ಗುರುವಾರ ಬೆಳಿಗ್ಗೆ ಕೊಲ್ಲಿ ದೇಶದ ಮಂಗಫ್ ಕಡೆಯ ಠಾಣೆಗೆ ಒಬ್ಬನೇ ಮನುಷ್ಯನ ಬಗ್ಗೆ ಎರಡು ದೂರು ಬಂದವು. ಕಸ ಸಾಗಿಸುವ ಕಂಪನಿಯ ಪ್ರಕಾರ ಕಸದ ಡಬ್ಬಿ ಎಳೆದು ಲಾರಿಗೆ ತುಂಬುವ ಲೋಡರ್ ತನಿಯಪ್ಪ ಬುಧವಾರ ಕೆಲಸ ಮುಗಿಸಿ, ಅಬು ಹಲೀಫಾದ ಕೆಲಸಗಾರರ ಕ್ಯಾಂಪಿಗೆ ಬಂದು, ಅಲ್ಲಿಂದ ಪರಾರಿಯಾಗಿದ್ದ. ಅವನ ಹೆಂಡತಿ ಕುಸುಮಾವತಿಯ ಪ್ರಕಾರ ಅವನು ಕಾಣೆಯಾಗಿದ್ದ.

ಎರಡನ್ನೂ ಅರಬ್ಬಿಗೆ ತಿರುಗಿಸುವ ಪಾಡು ಠಾಣೆಯ ದುಭಾಷಿ ಮೈಕಲ್‌ನದು. ಊರವರ ಅಳುವನ್ನು ಅರಬ್ಬಿಗೆ, ಅರಬ್ಬಿಯ ಗದರಿಕೆಯನ್ನು ಊರಿನ ಮಾತಿಗೆ ತಿರುಗಿಸಿ ತಿರುಗಿಸಿ ಅವನ ನಾಲಿಗೆ ಸವೆದಿತ್ತು. ಎರಡು ದೂರುಗಳ ನಡುವಿನ ಅಂತರ ಅವನಿಗೆ ಚೆನ್ನಾಗಿ ಗೊತ್ತು. ಪರಾರಿ ಎಂದು ದಾಖಲಾದರೆ ಇಕಾಮಾ, ಅಂದರೆ ವಾಸದ ಪರವಾನಗಿ, ರದ್ದಾಗುತ್ತದೆ, ಸಿಕ್ಕಿದ ದಿನ ಗಡೀಪಾರು. ಹುಡುಕಲು ಯಾರೂ ಹೊರಡುವುದಿಲ್ಲ. ಕಾಣೆ ಎಂದು ಎಫ್‌ಐಆರ್ ಆದರೆ ಮಾತ್ರ ಜೀಪು ಹೊರಡುತ್ತದೆ.

ಕುಸುಮಾವತಿ ಬ್ನೇದ್ ಅಲ್ ಗಾರ್‌ನ ಒಂದು ಮನೆಯಲ್ಲಿ ಅಡುಗೆಯವಳು. ಬೆಂಚಿನ ತುದಿಯಲ್ಲಿ ಕೂತು ಮೆಲ್ಲಗೆ ಹೇಳಿದಳು: "ಅವರಿಗೆ ಎರಡು ದಿವಸದಿಂದ ಜ್ವರ ಅಣ್ಣ. ಮೈಯಲ್ಲಿ ಜ್ವರ ಇಟ್ಕೊಂಡು ಯಾರಾದ್ರೂ ಓಡಿ ಹೋಗ್ತಾರಾ? ನಾಳೆ ಶುಕ್ರವಾರ. ನಮಗೆ ಇಬ್ಬರಿಗೂ ಒಟ್ಟಿಗೆ ರಜೆ ಇರುದು ಅದೊಂದೇ ದಿನ. ಅದನ್ನು ಬಿಟ್ಟು ಅವರು ಎಲ್ಲಿಗೂ ಹೋಗ್ಲಿಕ್ಕಿಲ್ಲ."

ಇನ್ಸ್‌ಪೆಕ್ಟರ್ ಮಿಶಾರಿ ಎರಡು ಪಾಳಿ ಸೇರಿಸಿ ದುಡಿದು ಕೆಂಗಣ್ಣಾಗಿದ್ದ. ಕಂಪನಿಯ ಕಂಟ್ರೋಲ್ ರೂಮಿನ ಶೈಲೇಶ್ ಲ್ಯಾಪ್‌ಟಾಪ್ ತೆರೆದು ತೋರಿಸಿದ. ನಕ್ಷೆಯ ಮೇಲೆ ಲಾರಿಗಳು ಗೆರೆಗಳಾಗಿ, ಮನುಷ್ಯರು ಚುಕ್ಕೆಗಳಾಗಿ ಓಡಾಡುತ್ತಿದ್ದರು.

"ಎಲ್ಲಿ ಡಬ್ಬಿ ತುಂಬಿದೆ, ಯಾವ ಗ್ಯಾಂಗ್ ಹತ್ತಿರ ಇದೆ ಅಂತ ಕೂತಲ್ಲಿಂದಲೇ ನೋಡಿ ಕಳಿಸ್ತೇವೆ ಸರ್. ಲೋಡರಿನ ಎದೆ ಮೇಲೆ ಕಂಪನಿಯ ಫೋನ್ ಇರ್ತದೆ. ಸ್ವಂತ ಫೋನ್ ಕ್ಯಾಂಪಲ್ಲೇ ಇಡಬೇಕು."

"ನಿಂತರೆ?" ಮಿಶಾರಿ ಕೇಳಿದ.

"ತುಂಬ ಹೊತ್ತು ನಿಂತರೆ ಚುಕ್ಕೆ ಕೆಂಪಾಗ್ತದೆ. ಕೆಂಪಾದವನಿಗೆ ಆ ವಾರ ಶುಕ್ರವಾರದ ರಜೆ ಇಲ್ಲ."

"ಜ್ವರ ಬಂದರೆ?"

ಶೈಲೇಶ್ ತನಿಯಪ್ಪನ ಚುಕ್ಕೆಯ ಮೇಲೆ ಬೆರಳಿಟ್ಟ. "ಬದಲಿಗೆ ಜನ ಇಲ್ಲ ಸರ್. ಆದ್ರೆ ಇವ ಕೆಂಪಾಗಿಲ್ಲ. ನೋಡಿ, ಕೊನೆವರೆಗೆ ಹಸಿರು. ಈಗಲೂ ಕ್ಯಾಂಪಲ್ಲೇ ತೋರಿಸ್ತಾ ಉಂಟು, ದಿಂಬಿನಡಿ ಫೋನ್ ಬಿಟ್ಟು ಹೋಗಿದ್ದಾನೆ."

ಬುಧವಾರದ ಬೆಳಗನ್ನು ಮೊದಲಿನಿಂದ ಓಡಿಸು ಎಂದ ಮಿಶಾರಿ. ಲಾರಿ ರಸ್ತೆಯಲ್ಲಿ ನಿಲ್ಲುತ್ತಿತ್ತು. ತನಿಯಪ್ಪನ ಚುಕ್ಕೆ ಗಲ್ಲಿಯೊಳಗೆ ಹೋಗಿ ಮರಳಿ ಬರುತ್ತಿತ್ತು, ಬೆಲ್ಲ ಕಂಡ ಇರುವೆಯ ಹಾಗೆ. ಒಂಬತ್ತೂವರೆಗೆ ಮಂಗಫ್‌ನ ಒಂದು ಹಳೆಯ ಕಟ್ಟಡದ ಎದುರು ಚುಕ್ಕೆ ಲಾರಿಯನ್ನು ಸೇರಿತು. ಆಮೇಲೆ ಇಳಿಯಲೇ ಇಲ್ಲ. ಲಾರಿ ಎಲ್ಲಿಯೋ ಚುಕ್ಕೆಯೂ ಅಲ್ಲಿಯೇ.

"ಇಲ್ಲಿಂದ ಮುಂದೆ ಡಬ್ಬಿಗಳು ತಾವಾಗಿ ನಡೆದು ಬಂದವೇ?" ಮಿಶಾರಿ ಕೇಳಿದ. "ನೀನು ನೋಡಲಿಲ್ಲವೇ?"

"ನಾವು ಕೆಂಪಾದದ್ದನ್ನು ಮಾತ್ರ ನೋಡುದು ಸರ್," ಎಂದ ಶೈಲೇಶ್. ಅವನ ಮೇಲೆ ಸಿಟ್ಟು ಬರುವಷ್ಟು ಕಸುವೂ ಮೈಕಲ್‌ನಲ್ಲಿ ಉಳಿದಿರಲಿಲ್ಲ.

ಆ ಲಾರಿಯಲ್ಲಿ ಇದ್ದವರು ಇಬ್ಬರೇ, ತನಿಯಪ್ಪ ಮತ್ತು ಚಾಲಕ ಕೊನ್ರಾಡ್. ಕಾನ್‌ಸ್ಟೇಬಲ್ ಹೋಗಿ ಕೊನ್ರಾಡ್‌ನನ್ನು ಕರೆತಂದ. ಮೈಕಲ್‌ಗೆ ಗುರುತಿನ ಮುಖ. ಪ್ರತಿ ಶುಕ್ರವಾರ ಚರ್ಚಿನ ಕೊಂಕಣಿ ಪೂಜೆಗೆ ಹಿಂದಿನ ಸಾಲಿನಲ್ಲಿ ನಿಲ್ಲುವವನು, ತನ್ನನ್ನು ಗೌರವದಿಂದ ಬಾಬ್ ಎಂದು ಕರೆಯುವವನು.

"ತನಿಯಪ್ಪ ಎಲ್ಲಿ?" ಮಿಶಾರಿ ಕೇಳಿದ.

"ಕ್ಯಾಂಪಲ್ಲಿ ಬಿಟ್ಟೆ ಬಾಬ್. ಫೋನ್ ಅವನ ಹತ್ರವೇ ಇತ್ತು, ನಾನು ಮುಟ್ಟಲಿಲ್ಲ."

ಫೋನಿನ ವಿಷಯವನ್ನು ಯಾರೂ ಎತ್ತಿರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವನು ಯಾರೂ ಕರೆಯುವ ಮೊದಲೇ ಮುಟ್ಟಿಕೊಂಡಿದ್ದ. ಎರಡನೆಯ ವಾಕ್ಯವನ್ನು ನುಂಗಿಬಿಟ್ಟರೆ ಕೇಳುವವರಿಲ್ಲ ಎಂದು ಮೈಕಲ್‌ಗೆ ಒಂದು ಕ್ಷಣ ಅನ್ನಿಸಿತು. ಬೆಂಚಿನ ಮೇಲೆ ಕುಸುಮಾವತಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು. ಅವನು ಎರಡನ್ನೂ ತಿರುಗಿಸಿದ.

"ಜೀಪು ತೆಗೆಯಿರಿ," ಎಂದ ಮಿಶಾರಿ. "ಇವನೂ ಬರಲಿ."

ಹಳೆಯ ಕಟ್ಟಡದ ಎದುರು ಜೀಪು ನಿಂತಿತು. ಬಾಗಿಲು ತೆಗೆದರೆ ಒಲೆಯ ಬಾಯಿಗೆ ಮುಖ ಒಡ್ಡಿದಂಥ ಬಿಸಿಲು. ಎಲ್ಲರೂ ಇಳಿದರು. ಕೊನ್ರಾಡ್ ಮಾತ್ರ ಸೀಟಿನ ಅಂಚು ಹಿಡಿದು ಕೂತೇ ಇದ್ದ.

"ಅವನ ಹೆಂಡತಿ ಸ್ಟೇಷನ್ನಲ್ಲಿ ಕೂತಿದ್ದಾಳೆ ಕೊನ್ರಾಡ್," ಎಂದ ಮೈಕಲ್, ಕೊಂಕಣಿಯಲ್ಲಿ.

ಕೊನ್ರಾಡ್ ಸೀಟಿನ ಅಂಚು ಬಿಟ್ಟ. "ಕೆಳಗೆ ಪಂಪ್ ರೂಮ್ ಉಂಟು ಬಾಬ್. ಅಲ್ಲಿ ತಂಪು."

ಕಾವಲುಗಾರ ಬೀಗದ ಕೈ ತಂದ. ಬುಧವಾರ ಬೆಳಿಗ್ಗೆ ಬಾಗಿಲು ತೆರೆದದ್ದು ಕಂಡು, ಒಳಗೆ ಯಾರಿಲ್ಲವೆಂದುಕೊಂಡು ಬೀಗ ಹಾಕಿದ್ದೆ ಎಂದ. ಪಂಪಿನ ಸದ್ದಿನಲ್ಲಿ ಏನೂ ಕೇಳಿಸಿರಲಿಲ್ಲ. ಮುಚ್ಚಿ ಬಿಗಿದ ನೀರಿನ ತೊಟ್ಟಿಯ ಹಿಂದೆ ರಟ್ಟಿನ ಮೇಲೆ ತನಿಯಪ್ಪ ಬಿದ್ದಿದ್ದ. ತುಟಿ ಒಡೆದಿತ್ತು, ಮೈ ಸುಡುತ್ತಿತ್ತು, ಉಸಿರಿತ್ತು. ಬಾಗಿಲಿನ ಒಳಮೈಯಲ್ಲಿ ಅಂಗೈ ಬಡಿದ ಕೊಳೆಯ ಗುರುತುಗಳಿದ್ದವು. ಆಂಬುಲೆನ್ಸ್ ಹೋದ ಮೇಲೆ ಪಂಚನಾಮೆ ನಡೆಯಿತು. ಆ ಗುರುತುಗಳನ್ನೂ ಬರೆಸಬೇಕಾಯಿತು.

ಹೇಳಿಕೆಯಲ್ಲಿ ಕೊನ್ರಾಡ್ ಏನನ್ನೂ ಬಚ್ಚಿಡಲಿಲ್ಲ. ಗ್ಯಾಂಗಿನವರಲ್ಲಿ ಇದು ಮೊದಲಿನಿಂದ ಇದ್ದ ಪದ್ಧತಿ. ಹುಷಾರಿಲ್ಲದವನು ನೆರಳಲ್ಲಿ ಮಲಗುತ್ತಾನೆ, ಅವನ ಫೋನನ್ನು ಜೊತೆಯವನು ಹೊತ್ತು ತಿರುಗುತ್ತಾನೆ, ಚುಕ್ಕೆ ಹಸಿರಾಗಿಯೇ ಇರುತ್ತದೆ. ಅಂದು ಕೊನ್ರಾಡ್ ತಾನೇ ಇಳಿದು ತನಿಯಪ್ಪನ ಡಬ್ಬಿಗಳನ್ನೂ ಎಳೆದಿದ್ದ. ಬಗ್ಗಿದಾಗ ಬಿದ್ದೀತೆಂದು ಅವನ ಫೋನನ್ನು ಲಾರಿಯ ಡ್ಯಾಶ್‌ಬೋರ್ಡಿನ ಮೇಲಿಟ್ಟಿದ್ದ, ಅಷ್ಟೇ ತಪ್ಪಿದ್ದು.

"ಮಧ್ಯಾಹ್ನ ಹೋದಾಗ ಬೀಗ ಇತ್ತು. ಬಡಿದೆ, ಶಬ್ದ ಇಲ್ಲ. ಬಸ್ಸಲ್ಲಿ ಕ್ಯಾಂಪಿಗೆ ಹೋಗಿರ್ಬೇಕು ಅಂದ್ಕೊಂಡೆ. ಸಂಜೆಯೂ ಕಾಣಲಿಲ್ಲ. ಹೇಳಿದ್ರೆ ಎಲ್ಲ ಗ್ಯಾಂಗಿನವರದ್ದೂ ಹೊರಗೆ ಬರ್ತದೆ, ಎಲ್ಲರೂ ಖಲಾಸ್. ಫೋನ್ ಅವನ ದಿಂಬಿನಡಿ ಇಟ್ಟೆ. ಬೆಳಿಗ್ಗೆ ಅವನು ಓಡಿ ಹೋದ ಅಂತ ಆಫೀಸಿನವರೇ ಹೇಳಿದ್ರು. ನಾನೂ ಹೌದು ಅಂದೆ."

"ಕರೆಯಲು ಅವನ ಬಳಿ ಬೇರೆ ಫೋನ್ ಇರಲಿಲ್ಲ ಎಂದು ಗೊತ್ತಿತ್ತೇ?" ಮಿಶಾರಿ ಕೇಳಿದ.

"ಗೊತ್ತಿತ್ತು."

ಸಂಜೆ ನಾಲ್ಕಕ್ಕೆ ಕೊನ್ರಾಡ್‌ನ ಬಂಧನವಾಯಿತು. ಸುಳ್ಳು ಹೇಳಿಕೆ, ಜೀವಕ್ಕೆ ಅಪಾಯ ತಂದ ಆರೋಪ. ಪರಾರಿಯ ದೂರನ್ನು ಕಂಪನಿ ಹಿಂತೆಗೆದುಕೊಂಡಿತು. ಆದರೆ ತನಿಯಪ್ಪ ಕಣ್ಣು ಬಿಟ್ಟಿರಲಿಲ್ಲ. ಮೂತ್ರಪಿಂಡ ಸೋತಿದೆ, ಏನೂ ಹೇಳುವ ಹಾಗಿಲ್ಲ ಎಂದರು ವೈದ್ಯರು.

ಶುಕ್ರವಾರ ಮೈಕಲ್ ಪೂಜೆಗೆ ಹೋಗಲಿಲ್ಲ. ಹೆಂಡತಿ ಬೆಟ್ಟಿ ಕೇಳಿದ್ದಕ್ಕೆ ಸುಸ್ತು ಎಂದ. ಅದು ನಿಜವೂ ಆಗಿತ್ತು. ಆಸ್ಪತ್ರೆಗೆ ಹೋಗಿ ನೋಡಿ, ಕೊನ್ರಾಡ್‌ನ ಹೇಳಿಕೆಗೆ ಸಹಿ ಹಾಕಿಸಲು ಠಾಣೆಗೆ ಬಂದ.

"ಕುಸುಮಕ್ಕ ಬಂದಿದ್ದಾರಾ ಬಾಬ್?" ಕೊನ್ರಾಡ್ ಕೇಳಿದ.

"ಬಂದಿದ್ದಾಳೆ. ಇವತ್ತು ರಜೆಯಲ್ಲವಾ. ಹಾಸಿಗೆ ಪಕ್ಕ ಕೂತಿದ್ದಾಳೆ."

ಕೊನ್ರಾಡ್ ಸಹಿ ಹಾಕಿ ಪೆನ್ನು ಕೆಳಗಿಟ್ಟ. "ಈ ಶುಕ್ರವಾರ ತಪ್ಪಬಾರ್ದು ಅಂತಲೇ ಅವ ನನಗೆ ಫೋನ್ ಕೊಟ್ಟದ್ದು."

ಅವನು ಏನೆಂದ ಎಂದು ಮಿಶಾರಿ ಕೇಳಿದ. ಮೈಕಲ್ ತಿರುಗಿಸಿ ಹೇಳಿದ. ಮಿಶಾರಿ ಅದನ್ನೂ ಹೇಳಿಕೆಯ ಕೊನೆಗೆ ಬರೆಸಿದ.