ತಲೆಕೆಳಗಾದ ಬಸವಣ್ಣ

“ಮುಟ್ಟಬ್ಯಾಡ್ರಿ! ಕೈತುಂಬ ಸೀಮೆಸುಣ್ಣ ಐತಿ!”

ಕಂಪ್ಯೂಟರ್ ಮೇಷ್ಟ್ರು ಎರ್ರಿಸ್ವಾಮಿ ಕೂಗಿದ ರಭಸಕ್ಕೆ ಡ್ರಾಯಿಂಗ್ ಟೀಚರ್ ಚನ್ನವೀರಮ್ಮನ ಕೈ ಗಾಳಿಯಲ್ಲೇ ನಿಂತಿತು. ಮಕ್ಕಳೆಲ್ಲ ಕಿಸಕ್ಕೆಂದರು.

“ನಾನೂ ಕಲಿಸಾಕ ಬಂದೀನ್ರಿ,” ಎಂದಳು ಮುಖ ಕೆಂಪಾಗಿ. “ಇದರಾಗ ಹಾಕೋ ನನ್ನ ಚಿತ್ರದಾಗ ಒಂದು ಚುಕ್ಕಿನೂ ನೀವು ಬದಲಿಸಬ್ಯಾಡ್ರಿ!”

1987. ಬಳ್ಳಾರಿಯ ಗಾಂಧಿನಗರದ ಆ ಶಾಲೆಗೆ ಹೊಸದಾಗಿ ಬಂದಿದ್ದ ಒಂದೇ ಒಂದು ಕಂಪ್ಯೂಟರ್ ಅದು. ಹೆಡ್‌ಮಾಸ್ಟರ್ ಚಿದಾನಂದಪ್ಪ ಕಡ್ಡಿ ಮುರಿದಂತೆ ಹೇಳಿದ್ದರು: ಸೋಮವಾರ ಕಮಿಟಿಯವರ ಎದುರು ತೆರೆಯ ಮೇಲೆ ಚಿತ್ರ ಮೂಡಬೇಕು, ಇಲ್ಲದಿದ್ದರೆ ಡ್ರಾಯಿಂಗ್ ಕ್ಲಾಸಿಗೆ ಕಂಪ್ಯೂಟರ್ ಇಲ್ಲ.

ಬಿಡುವಳೇ ಚನ್ನವೀರಮ್ಮ! ಕುರುಗೋಡಿನಿಂದ ದಿನಾ ಬಸ್ಸಿನಲ್ಲಿ ನೇತಾಡಿಕೊಂಡು ಬರುವ ಹುಡುಗಿ. ಮಕ್ಕಳಿಗೆ ಗ್ರಾಫ್ ಹಾಳೆ ಹಂಚಿ, ತನ್ನೂರ ಗುಡಿಯ ನಂದಿ ಬಸವಣ್ಣನನ್ನು ಚೌಕ ಚೌಕವಾಗಿ ಬರೆಸಿದಳು. ಪ್ರತಿ ಚೌಕಕ್ಕೂ ಮೇಲಿನಿಂದ ಎಣಿಸಿ ಅಂಕಿ ಕೊಟ್ಟಳು; ಆ ಅಂಕಿಗಳನ್ನು ಕಂಪ್ಯೂಟರಿಗೆ ಟೈಪ್ ಮಾಡಿದರೆ ಚಿತ್ರ ಮೂಡಬೇಕು.

“ಟೀಚರ್, ಕೋಡು ನಾನು ಹೊಡಿತೀನ್ರಿ!” ಎಂದು ಮಕ್ಕಳಲ್ಲಿ ಜಗಳ. ಕೀಲಿಮಣೆಯ ಮೇಲೆ ಅವರ ಬೆರಳುಗಳು ಮೇಷ್ಟ್ರಿಗಿಂತ ಜೋರಾಗಿ ಓಡುತ್ತಿದ್ದವು. ಶನಿವಾರ ಟೈಪ್ ಮುಗಿಯಿತು. ಚಿತ್ರ ತೆಗೆದು ನೋಡಲು ಹೊತ್ತಿರಲಿಲ್ಲ.

ಸೋಮವಾರ ತೆರೆ ಬೆಳಗಿತು. ಬಸವಣ್ಣ ಮೂಡಿದ... ಕಾಲು ಮೇಲೆ, ಕೋಡು ಕೆಳಗೆ!

ಕಮಿಟಿಯವರು ಗೊಳ್ಳೆಂದು ನಕ್ಕರು.

‘ಬೇಕಂತಲೇ ಮಾಡ್ಯಾನ!’ ಚನ್ನವೀರಮ್ಮನ ಕಣ್ಣು ತುಂಬಿ ಬಂತು.

“ಸೇಡು ತೀರಿಸ್ಕೊಂಡ್ರೇನ್ರಿ?”

“ಇಲ್ರೀ...” ಎರ್ರಿಸ್ವಾಮಿ ತಡವರಿಸಿದ. “ಈ ಮಿಷನ್ನು ಕೆಳಗಿನಿಂದ ಎಣಿಸ್ತೈತಿ. ಶನಿವಾರ ನಿಮ್ಮ ಹಾಳಿ ನೋಡಿದಾಗ್ಲೇ ಗೊತ್ತಾತು. ನೀವು ಮತ್ತ ಸಿಟ್ಟಾಗ್ತೀರಂತ... ಹೇಳಾಕ ಹೆದರಿದೆ.”

ಅವನ ಬಾಯಿ ಕಟ್ಟಿದ್ದು ತನ್ನ ಸಿಟ್ಟೇ! ಅವಳಿಗೆ ಪಿಚ್ಚೆನಿಸಿತು. ಆದರೆ ಅಳುತ್ತ ಕೂರುವ ಹೊತ್ತೇ ಇದು? ಕಣ್ಣೊರೆಸಿಕೊಂಡು ಹೆಡ್‌ಮಾಸ್ಟರರತ್ತ ತಿರುಗಿದಳು.

“ಒಂದು ಪಿರಿಯಡ್ ಕೊಡ್ರಿ ಸರ್. ಬಸವಣ್ಣನ್ನ ನೆಟ್ಟಗ ಕೂಡಿಸ್ತೀವಿ!”

ಮಕ್ಕಳು ಕೆಳಗಿನಿಂದ ಎಣಿಸಿದರು. ಅವಳು ಬೋರ್ಡಿನ ಮೇಲೆ ಅಂಕಿ ಬರೆದಳು. ತಪ್ಪಿದಲ್ಲೆಲ್ಲ ಈ ಸಲ ಎರ್ರಿಸ್ವಾಮಿ ಬಾಯಿಬಿಟ್ಟು ಹೇಳಿದ; ಅವಳು ಅಲ್ಲಲ್ಲೇ ಒರೆಸಿ ತಿದ್ದಿದಳು.

ಗಂಟೆ ಹೊಡೆಯುವ ಮೊದಲೇ ಬಸವಣ್ಣ ನೆಟ್ಟಗೆ ಕುಳಿತ!

“ವಾರಕ್ಕೆ ಎರಡು ದಿನ ಕಂಪ್ಯೂಟರ್ ನಿಮ್ಮ ಕ್ಲಾಸಿಗೆ ತಗೋರಿ,” ಎಂದರು ಚಿದಾನಂದಪ್ಪ.

ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಎರ್ರಿಸ್ವಾಮಿ ಓಡೋಡಿ ಬಂದ.

“ಸಿರುಗುಪ್ಪದಿಂದ ನಮ್ಮವ್ವನ್ನ ಕರಕೊಂಡು ನಿಮ್ಮ ಮನಿಗೆ ಬರ್ಲೇನ್ರಿ...? ನಿಮ್ಮನ್ನ ಕೇಳಾಕ.”

ಅವಳು ಬಸ್ಸಿನ ಕಡೆ ಇಟ್ಟ ಹೆಜ್ಜೆ ಹಿಂದಕ್ಕೆಳೆದುಕೊಂಡಳು.

“ಇನ್ಮ್ಯಾಲ ನನ್ನ ತಪ್ಪು ಕಂಡ್ರ ಹೇಳ್ತೀರೇನು?”

“ನೀವು ಬೈದ್ರೂ ಹೇಳ್ತೀನಿ.”

“ಹಂಗಾದ್ರ ಬರ್ರಿ... ಎರ್ರಿಸ್ವಾಮಿ.”

ಅವಳು ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಅವನು ಬೆಪ್ಪಾಗಿ ನಿಂತ.

“ಇನ್ನೊಂದ್ಸಲ ಕರೀರಿ?”

“ಈಗ್ಲೇ ಎಷ್ಟು ಬೇಕೋ ಅಷ್ಟು ಕೇಳಿಸ್ಕೊಳ್ರಿ,” ಚನ್ನವೀರಮ್ಮ ಸೆರಗು ಬಾಯಿಗಿಟ್ಟು ನಕ್ಕಳು. “ಲಗ್ನ ಆದಮ್ಯಾಲ ಗಂಡನ ಹೆಸರು ಹೇಳೋಹಂಗಿಲ್ಲಲ್ಲ!”